ಬಚ್ಚಲ ಕೆಡವಿದ ಜಾಗಕ್ಕ ಯಾವ ಗಿಡ?

ಹುಬ್ಬಳ್ಳಿ ಕಮರಿಪೇಟೆಯ ಹಳೇ ಓಣಿಗಳಲ್ಲಿ ಮನೆಗೂ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲೆಂದರೆ ಎರಡು ಸೀರೆ ಒಣಹಾಕುವಷ್ಟು ಜಾಗ. ಇಲ್ಲಿ ಮಾತಾಡುತ್ತಿರುವ ಇಬ್ಬರಲ್ಲಿ ಹಿರಿಯರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಓಣಿಗೆಲ್ಲ ಅಕ್ಕಾರು. ಇನ್ನೊಬ್ಬ ಎದುರು ಮನೆಯ ತರುಣ, ಅವರ ಕೈಯಲ್ಲೇ ಕಲಿತವನು. ಹಳೇ ಬಚ್ಚಲುಮನೆ ಕೆಡವಿಸಿದ್ದಾನೆ. ಆರು ಫೂಟು ಉದ್ದ, ನಾಲ್ಕು ಫೂಟು ಅಗಲದ ನೆಲ ತೆರವಾಗಿದೆ. ಅಲ್ಲಿ ಫರ್ಸಿ ಹಾಸಿಬಿಡು ಎಂದವರೇ ಹೆಚ್ಚು. ಫರ್ಸಿ ಬೇಡವೆಂದು ಗಂಡ ಹೆಂಡತಿ ಒಪ್ಪಿದ್ದಾರೆ. ಅಷ್ಟು ಮಾತ್ರ ಒಪ್ಪಿದ್ದಾರೆ.

— ಅಕ್ಕಾರ, ಇರೋದು ಒಂದಽ ಗಿಡದ ಜಾಗಾ. ನಾ ನುಗ್ಗಿ ಹಚ್ಚೂಣು ಅಂತೀನಿ, ನಮ್ಮ ಮನ್ಯಾಕಿ ಕರಿಬೇವು ಅಂತ ಹಟ ಹಿಡದಾಳ. ನೀವಽ ನ್ಯಾಯಾ ಹೇಳಬೇಕು ನೋಡ್ರಿ.

— ನ್ಯಾಯಾ ಹೇಳಿದ್ರ ಸೋತಾವ್ರು ನಾಳೆಯಿಂದ ನನ್ನ ಜೋಡಿ ಮಾತು ಬಿಡತೀರಿ. ನಿನಗ ನುಗ್ಗಿನಽ ಯಾಕ ಬೇಕು, ಅದನ್ನ ಮೊದಲ ಹೇಳು.

— ಹಿಂಗ ಕೇಳತೀರಲ್ಲರಿ! ಈಗ ಊರೆಲ್ಲಾ ನುಗ್ಗಿ ಸೊಪ್ಪಿಂದಽ ಮಾತು. ಪುಡಿ ಮಾಡಿ ಡಬ್ಬಿ ತುಂಬಿ ಮಾರಾಕ ಹತ್ಯಾರ. ಕಿತ್ತಳಿಗಿಂತ ಏಳು ಪಟ್ಟು ಸಿ ಜೀವಸತ್ವ, ಹಾಲಿಗಿಂತ ನಾಲ್ಕು ಪಟ್ಟು ಕ್ಯಾಲ್ಸಿಯಂ ಅಂತ ಡಬ್ಬಿ ಮ್ಯಾಲ ಬರದಿರತೈತಿ. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಸುದ್ದಾ 2012ರಾಗ ನುಗ್ಗಿನ್ನ ಹೊಗಳಿ ಬರದಿದ್ದನಂತ.

— ಬರದಿದ್ದ, ಖರೆ. ಆದ್ರ ಅಂವಾ ದಿನಾ ಒಗ್ಗರಣಿ ಹಾಕತಿದ್ದಿಲ್ಲ. ಆ ಏಳು ಪಟ್ಟಿನ ಲೆಕ್ಕ ಎಲ್ಲಿಂದ ಬಂತು ಗೊತ್ತೇನು? ನಮ್ಮ ದೇಶದ ಹಳೇ ಆಹಾರ ಕೋಷ್ಟಕದಾಗ 100 ಗ್ರಾಂ ನುಗ್ಗಿ ಸೊಪ್ಪಿಗೆ 220 ಮಿಲಿಗ್ರಾಂ ಸಿ ಜೀವಸತ್ವ ಅಂತ ಇತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವ್ರು 2017ರಾಗ ಹೊಸಾ ಕೋಷ್ಟಕ ತಂದ್ರು, ಅದರಾಗ ಅದು 108ರ ಆಸುಪಾಸಿಗೆ ಇಳೀತು. ಅದೂ ಹಸಿ ಸೊಪ್ಪಿಗೆ. ಒಣಗಿಸಿ, ಪುಡಿ ಮಾಡಿ, ಬಿಸಿನೀರಾಗ ಕದಡಿದ ಮ್ಯಾಲ ಸಿ ಜೀವಸತ್ವ ಎಷ್ಟು ಉಳೀತೈತಿ ಅಂತ ನಿನಗ ಒಂಬತ್ತನೇ ಕ್ಲಾಸಿನ್ಯಾಗ ಕಲಿಸೇನಿ.

— ಕಲಿಸೀರಿ. ಮರತೇನಿ.

— ಗೊತ್ತೈತಿ. ಅದಽ ಹೊಸಾ ಕೋಷ್ಟಕದಾಗ ಕರಿಬೇವಿನ ಸಾಲು ನೋಡು. ಕ್ಯಾಲ್ಸಿಯಂ 650 ಮಿಲಿಗ್ರಾಮಿನ ಮ್ಯಾಲ ಐತಿ. ನುಗ್ಗಿ ಸೊಪ್ಪಿಂದು 310ರ ಆಸುಪಾಸು. ಕಬ್ಬಿಣ ಸುದ್ದಾ ಕರಿಬೇವಿನ್ಯಾಗಽ ಹೆಚ್ಚುಕಡಿಮಿ ಇಮ್ಮಡಿ.

— ಅಂದ್ರ ಆಕಿ ಗೆದ್ದಂಗಽ ಆತಲ್ಲರಿ!

— ಅಷ್ಟು ಲಗೂ ಸೋಲಬ್ಯಾಡ. ಊಟ ಮುಗಿದ ಮ್ಯಾಲ ನಿನ್ನ ತಾಟಿನ ಬದಿಗೆ ಏನು ಉಳದಿರತೈತಿ? ಕರಿಬೇವಿನ ಎಲಿ. ಎಂಟು ಎಲಿ ಒಗ್ಗರಣಿಗೆ ಹಾಕಿದ್ರ ಒಂದು ಗ್ರಾಂ ಆಗಂಗಿಲ್ಲ, ಅದನ್ನೂ ಆರಿಸಿ ಒಗೀತಿ. ಒಂದು ಹೊತ್ತಿಗೆ 100 ಗ್ರಾಂ ಕರಿಬೇವು ತಿಂದಾಂವನ್ನ ನಾ ಇನ್ನೂ ನೋಡಿಲ್ಲ. ನುಗ್ಗಿ ಸೊಪ್ಪು ಹಂಗಲ್ಲ. ತೊಗರಿಬ್ಯಾಳಿ ಹಾಕಿ, ಬಳ್ಳೊಳ್ಳಿ ಒಗ್ಗರಣಿ ಕೊಟ್ಟು ಪಲ್ಯೆ ಮಾಡಿದ್ರ ಜ್ವಾಳದ ರೊಟ್ಟಿ ಜೋಡಿ ಒಬ್ಬೊಬ್ರು ಒಂದು ಬಟ್ಟಲ ಮುಗಸತಾರ. ಕೋಷ್ಟಕದಾವ್ರು ನೂರು ಗ್ರಾಮಿನ ಲೆಕ್ಕ ಬರೀತಾರ, ನಾವು ಉಣ್ಣೋದು ತಾಟಿನ ಲೆಕ್ಕದಾಗ. ಕರಿಬೇವಿನ ಕ್ಯಾಲ್ಸಿಯಂ ಹೊಟ್ಟಿಗೆ ಹೋಗಬೇಕಂದ್ರ ಚಟ್ನಿಪುಡಿ ಮಾಡಬೇಕು. ಪುಠಾಣಿ, ಒಣ ಮೆಣಸಿನಕಾಯಿ, ಹುಣಸಿಹಣ್ಣು, ಒಣಕೊಬ್ಬರಿ ಕೂಡಿಸಿ ಕುಟ್ಟಿದ ಮ್ಯಾಲ ಆರಿಸಿ ಒಗಿಯಾಕ ಬರಂಗಿಲ್ಲ ನೋಡು.

— ಹಂಗಾದ್ರ ನುಗ್ಗಿನಽ ಅನ್ರಿ ಮತ್ತ.

— ತಾಟಿಂದು ಮುಗೀತು. ಈಗ ನೆಲಕ್ಕ ಬಾ. ಆ ಜಾಗಾದಾಗ ಮೊದಲ ಏನಿತ್ತು?

— ಬಚ್ಚಲ್ರೀ. ಅಜ್ಜನ ಕಾಲದ್ದು.

— ಅಂದ್ರ ಅಜ್ಜನ ಕಾಲದಿಂದ ಸಾಬಾಣದ ನೀರು ಇಂಗಿರೋ ಜಾಗಾ. ಗ್ವಾಡಿ ಗಚ್ಚಿಂದು. ಕೆಡವಿದಾಗ ಆ ಸುಣ್ಣದ ಪುಡಿ ಎಲ್ಲಾ ಅಲ್ಲೇ ಬಿದ್ದೈತಿ. ಅದರ ಕೆಳಗ ಎರಿ. ಮೂರೂ ಕೂಡಿದ್ರ ಮಣ್ಣು ಕ್ಷಾರ ಆಗದಽ ಇರತೈತೇನು? ನಿಮ್ಮವ್ವಾರು ಅಲ್ಲೇ ಗ್ವಾಡಿ ಮಗ್ಗಲಕ ಕರಿಬೇವು ಹಚ್ಚಿದ್ರಲ್ಲ, ಅದು ಹೆಂಗಾಗಿತ್ತು?

— ಹಳದಿ ಆಗಿತ್ರಿ. ನರ ಅಷ್ಟಽ ಹಸರು, ಉಳದಿದ್ದೆಲ್ಲಾ ಅರಿಷಿಣ. ನೀರು ಕಡಿಮಿ ಆಗೈತಿ ಅಂತ ದಿನಾ ಜಳಕದ ನೀರು ಹಾಕತಿದ್ವಿ.

— ಹಾಕಿದಷ್ಟೂ ಹೆಚ್ಚು ಹಳದಿ ಆತು, ಹೌದಿಲ್ಲೋ? ಹೊಸಾ ಚಿಗುರು ಹಳದಿ ಆಗಿ ನರ ಹಸರ ಉಳದ್ರ ಅದು ಕಬ್ಬಿಣದ ಕೊರತಿ. ಮಣ್ಣಾಗ ಕಬ್ಬಿಣ ಇಲ್ಲಂತಲ್ಲ. ಇರತೈತಿ, ಆದ್ರ ಸುಣ್ಣದ ಮಣ್ಣಾಗ ಅದು ಕರಗಂಗಿಲ್ಲ. ಕರಗದಿದ್ದದ್ದನ್ನ ಬೇರು ಹೀರಂಗಿಲ್ಲ. ನೀವು ಮ್ಯಾಲ ಮತ್ತಷ್ಟು ಸಾಬಾಣ ಸುರವೀರಿ.

— ಮಜ್ಜಿಗಿ ಸುದ್ದಾ ಹಾಕಿದ್ವಲ್ಲರಿ. ಅಜ್ಜಿ ಹೇಳಿದ್ಲು.

— ಅಜ್ಜಿ ಹೇಳಿದ್ದು ಸುಳ್ಳಲ್ಲ. ಹುಳಿ ಮಜ್ಜಿಗಿ ಬಿದ್ದಲ್ಲೆ ಮಣ್ಣಿನ ಕ್ಷಾರ ಸ್ವಲ್ಪ ಮುರೀತೈತಿ, ಅಷ್ಟರಾಗ ಬೇರಿಗೆ ಒಂಚೂರು ಕಬ್ಬಿಣ ಸಿಗತೈತಿ. ಅಜ್ಜಿ ಕಾಲದ ಮಸಾರಿ ಹಿತ್ತಲಕ್ಕ ಅದು ಸಾಕಾಗತಿತ್ತು. ಒಂದು ತಂಬಗಿ ಮಜ್ಜಿಗಿಗೆ ಒಂದು ಗ್ವಾಡಿ ಸುಣ್ಣ ಬಗ್ಗಂಗಿಲ್ಲ. ಅಂಥಾದಕ್ಕ ಅನ್ನಭೇದಿ, ಅಂದ್ರ ಫೆರಸ್ ಸಲ್ಫೇಟ್, ತರಬೇಕು. ಲೀಟರ್ ನೀರಿಗೆ 5 ಗ್ರಾಂ, ಅದಕ್ಕ ಅರ್ಧಾ ಲಿಂಬಿಹಣ್ಣು ಹಿಂಡಿ, ಸಂಜಿ ಹೊತ್ತಿನ್ಯಾಗ ಎಲಿಗೆ ಸಿಂಪಡಿಸಬೇಕು. ಬೇರಿನ ದಾರಿ ಮುಚ್ಚಿದ್ರ ಎಲಿ ದಾರಿಲೆ ಕೊಡೋದು.

— ನುಗ್ಗಿಗೂ ಇಷ್ಟೆಲ್ಲಾ ಮಾಡಬೇಕೇನ್ರಿ?

— ಇಲ್ಲ. ಸುಣ್ಣಕ್ಕ ನುಗ್ಗಿ ಅಷ್ಟು ಹೆದರಂಗಿಲ್ಲ. ಅದರ ಹೆದರಿಕಿ ಬ್ಯಾರೆ, ನಿಂತ ನೀರು. ನಮ್ಮ ಹುಬ್ಬಳ್ಳಿ ಎರಡು ಮಣ್ಣಿನ ನಡುವ ಕುಂತ ಊರು. ಧಾರವಾಡ, ಕಲಘಟಗಿ ಕಡೆ ಹೋದ್ರ ಮಸಾರಿ, ನವಲಗುಂದ, ಅಣ್ಣಿಗೇರಿ ಕಡೆ ಹೋದ್ರ ಎರಿ. ಹತ್ತಿ, ಕಡ್ಲಿ, ಹಿಂಗಾರಿ ಜ್ವಾಳಕ್ಕ ಎರಿ ಚಲೋ, ನೀರು ಹಿಡಕೊಂಡು ಕುಂದರತೈತಿ. ಅದಽ ಗುಣ ನುಗ್ಗಿಗೆ ಕುತ್ತು. ಆಷಾಢದಾಗ ಜಿಟಿಜಿಟಿ ಹಿಡೀತಂದ್ರ ಬೇರು ಕೊಳೀತಾವ, ಮ್ಯಾಲ ಎಲಿ ಉದುರತಾವ. ಮಂದಿ ನೀರು ಸಾಲಂಗಿಲ್ಲಂತ ಮತ್ತೊಂದು ಕೊಡ ಹಾಕತಾರ.

— ಏನು ಮಾಡಬೇಕು ಅದಕ್ಕ?

— ಯಾವ ಗಿಡಾನಽ ಹಚ್ಚು, ಮೊದಲ ಎರಡು ಫೂಟು ಉದ್ದ, ಅಗಲ, ಆಳದ ಕುಣಿ ತಗಿ. ಬಂದ ಗಚ್ಚು, ಇಟ್ಟಂಗಿ ಚೂರು ಎಲ್ಲಾ ಹೊರಗ ಹಾಕು, ತಿರುಗಿ ಅದನ್ನಽ ತುಂಬಬ್ಯಾಡ. ತಳಕ್ಕ ಗರಸು. ಮ್ಯಾಲ ಎರಡು ಪಾಲು ಮಸಾರಿ, ಒಂದು ಪಾಲು ಹಳೇ ತಿಪ್ಪಿಗೊಬ್ಬರ. ನೆಲಕ್ಕಿಂತ ಒಂದು ಗೇಣು ಎತ್ತರ ಏರಿಸಿ ದಿಬ್ಬ ಮಾಡು. ಹಂಗ ಮಾಡಿದ್ರ ಕರಿಬೇವಿಗೆ ಸುಣ್ಣ ತಪ್ಪತೈತಿ, ನುಗ್ಗಿಗೆ ನೀರು ತಪ್ಪತೈತಿ. ಸ್ವಲ್ಪ ವರ್ಷಕ್ಕ ಕರಿಬೇವಿನ ಬೇರು ಕುಣಿ ದಾಟಿ ಸುಣ್ಣ ಹುಡಕತಾವ, ಅದು ಮಾತ್ರ ತಪ್ಪಂಗಿಲ್ಲ.

— ಬಿಸಲು?

— ನಿನ್ನ ಹಿಂದ ಬಾಜೂ ಮನಿಯವ್ರು ಎರಡನೇ ಮಜಲಿ ಏರಿಸ್ಯಾರ. ಬಿಸಲು ಎಷ್ಟೊತ್ತು ಬರತೈತಿ?

— ಹತ್ತರಿಂದ ಎರಡರ ತನಕ ಇರಬೇಕ್ರಿ.

— ಕರಿಬೇವಿಗೆ ಅಷ್ಟು ಸಾಕು. ಎಲಿ ಇನ್ನೂ ಮೆತ್ತಗ ಬರತಾವ. ನುಗ್ಗಿಗೆ ಇಡೀ ದಿನದ ಬಿಸಲು ಬೇಕು. ಇಲ್ಲಂದ್ರ ಅದು ಬಿಸಲು ಹುಡಕ್ಕೋಂತ ಗ್ವಾಡಿ ಎತ್ತರ ಮೀರಿ ಬೆಳೀತೈತಿ. ಕಾಯಿ ಹಿಡೀತಾವ, ಆದ್ರ ನಿನ್ನ ಕೈಗೆ ಎಟುಕಂಗಿಲ್ಲ, ಬಾಜೂ ಮನಿಯವರ ಮಾಳಿಗಿಗೆ ಎಟುಕತಾವ.

(ಇಲ್ಲಿಯತನಕ ಅಕ್ಕಾರು ಕರಿಬೇವಿನ ವಕೀಲಿ ಮಾಡುತ್ತಿದ್ದಾರೆ ಎಂದೇ ಯಾರಿಗಾದರೂ ಅನಿಸೀತು. ಹುಡುಗನಿಗೂ ಹಾಗೇ ಅನಿಸಿತು.)

— ಅಕ್ಕಾರ, ನೀವು ಮೊದಲಽ ಆಕಿ ಕಡೆ ಆಗೀರಿ. ನುಗ್ಗಿ ಎಷ್ಟು ಲಗೂ ಬರತೈತಿ ಅದನ್ನ ಹೇಳವಲ್ರಿ.

— ಹೇಳತೇನಿ. ಲಗೂ ಬರೋದ್ರಾಗ ಅದರ ಸರಿಸಾಟಿ ಇಲ್ಲ. ತಮಿಳುನಾಡಿನ ಪೆರಿಯಕುಳಂದಾವ್ರು ತಗದ ಪಿಕೆಎಂ-1 ಅಂತ ತಳಿ ಐತಿ. ಬೀಜ ಊರಿ ಆರು ತಿಂಗಳಿಗೆ ಕಾಯಿ ಹರೀಬಹುದು. ನಮ್ಮ ಕಡೆದಽ ಒಂದು ಐತಿ, ಭಾಗ್ಯ. ಗೋಕಾಕ ಹತ್ತಿರ ಅರಭಾವಿಯ ತೋಟಗಾರಿಕಿ ಕಾಲೇಜಿಂದು. ಅದು ಗಿಡ್ಡ, ನಿನ್ನಂಥಾ ಜಾಗಾಕ್ಕ ಮಾಡಿದ್ದಽ ಅನ್ನಬೇಕು. ಟೊಂಗಿ ತಂದು ನೆಡೋ ಹಳೇ ಬಹುವಾರ್ಷಿಕ ನುಗ್ಗಿ ಮಾತ್ರ ಹಚ್ಚಬ್ಯಾಡ.

— ಯಾಕ್ರಿ? ನಮ್ಮ ಮಾವನ ಹೊಲದಾಗ ಟೊಂಗಿನಽ ಊರತಾರ. ಒಂದು ಮಾರುದ್ದದ್ದು ಕಡದು ಹುಗದ್ರ ಮುಗೀತು.

— ಹೊಲದಾಗ ನಡೀತೈತಿ. ಬೀಜದಿಂದ ಬಂದ ನುಗ್ಗಿ ಗಜ್ಜರಿಯಂಗ ದಪ್ಪನ ತಾಯಿಬೇರು ಇಳಸತೈತಿ, ಟೊಂಗಿಯಿಂದ ಬಂದದ್ದಕ್ಕ ತಾಯಿಬೇರು ಇರಂಗಿಲ್ಲ. ಮೇ ತಿಂಗಳ ಅಡ್ಡಮಳಿ ಗಾಳಿಗೆ ಇಡೀ ಗಿಡಾನಽ ಮಗ್ಗಲಾಗತೈತಿ. ಅದರ ಕಟ್ಟಿಗಿ ಹೆಂಥಾದ್ದು ಗೊತ್ತಲ್ಲ? ಹುಡುಗ ಹತ್ತಿದ್ರ ಮುರೀತೈತಿ. ಮನಿ ಮುಂದ ನುಗ್ಗಿ ಇರಬಾರದು ಅಂತ ಹಿರ್‍ಯಾರು ಹೇಳತಿದ್ದದ್ದು ದೆವ್ವದ ಸಲುವಾಗಿ ಅಂತ ಮಂದಿ ತಿಳದಾರ. ನನಗನಿಸೋದು, ಹುಡುಗೂರು ಕೈಕಾಲು ಮುರಕೋಬಾರದಂತ ದೆವ್ವದ ಹೆಸರು ಹೇಳ್ಯಾರ.

— ನಾ ಕೇಳಿದ್ದು ಬ್ಯಾರೆ ಕಾರಣರಿ. 1992ರ ‘ಹಳ್ಳಿ ಮೇಷ್ಟ್ರು’ ಸಿನಿಮಾ...

— ಸುಮ್ನಿರು. ಆ ರವಿಚಂದ್ರನ್ ಸಿನಿಮಾ ಬಂದ ವರ್ಷ ಸ್ಟಾಫ್ ರೂಮಿನ್ಯಾಗ ನುಗ್ಗಿಕಾಯಿ ಸಾರಿನ ಡಬ್ಬಿ ಬಿಚ್ಚೋದು ನಮಗ ಶಿಕ್ಷಾ ಆಗಿತ್ತು. ಹೊಟ್ಟಿಗಿ ಹಾಕ್ಕೊಳ್ಳೋ ಕಾಯಿಪಲ್ಯೆ, ಅದರ ಹೆಸರು ಅಷ್ಟು ಕೆಡಸಬಾರದಿತ್ತು. ಇರಲಿ. ನೀರಿನ ಮಾತಿಗೆ ಬಾ. ಮಲಪ್ರಭಾದಿಂದ ನೀರು ಬಂದ್ರೂ ನಮ್ಮ ನಳ ದಿನಾ ಬರಂಗಿಲ್ಲ. 2008ರಿಂದ ಊರಿನ ಕೆಲವು ವಾರ್ಡಿಗೆ 24 ತಾಸು ನೀರು ಬಂತು, ಉಳದಾವ್ರಿಗೆ ಇನ್ನೂ ಬ್ಯಾರಲ್ಲಽ ಗತಿ. ಆ ಲೆಕ್ಕದಾಗ ನುಗ್ಗಿ ಶಾಣ್ಯಾ. ಮೊದಲನೇ ವರ್ಷ ಬೇರೂರೋ ತನಕ ಕೊಟ್ರ ಸಾಕು, ಆಮ್ಯಾಲ ಕೇಳಂಗಿಲ್ಲ. ಕೊಡಬಾರದು ಸುದ್ದಾ. ನೀರು ಹೆಚ್ಚಾದ್ರ ಬರೇ ತಪ್ಪಲ ಬಿಡತೈತಿ, ಹೂವು ಕಟ್ಟಂಗಿಲ್ಲ. ಬಾಯಾರಿದಾಗಽ ಅದು ಹೂವು ಬಿಡೋದು.

— ಕರಿಬೇವು?

— ಅದು ನಾಜೂಕಿಂದು. ಸಣ್ಣದಿದ್ದಾಗ ಎರಡು ದಿನಕ್ಕೊಮ್ಮಿ ನೀರು ಬೇಕು, ನಿಂದರಬಾರದು. ಅಕ್ಕಿ ತೊಳದ ನೀರು, ಬ್ಯಾಳಿ ತೊಳದ ನೀರು ಹಾಕು. ಬಾಂಡೆ ತೊಳದ ನೀರು ಹಾಕಬ್ಯಾಡ, ಪೌಡರ್ ಇರತೈತಿ. ಮತ್ತ ಅದಕ್ಕ ಥಂಡಿ ಆಗಿ ಬರಂಗಿಲ್ಲ. ಡಿಸೆಂಬರಿನ್ಯಾಗ ರಾತ್ರಿ 15 ಡಿಗ್ರಿಗೆ ಇಳೀತಂದ್ರ ಚಿಗುರು ನಿಂತಽ ಬಿಡತೈತಿ. ಸತ್ತೈತಿ ಅಂತ ಕಿತ್ತಾವ್ರೂ ಅದಾರ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಾವ್ರು ಇದಕ್ಕಽ ಎರಡು ತಳಿ ಆರಿಸ್ಯಾರ, ಡಿಡಬ್ಲ್ಯುಡಿ-1, ಡಿಡಬ್ಲ್ಯುಡಿ-2 ಅಂತ. ಮೊದಲನೇದಕ್ಕ ಸುವಾಸಿನಿ ಅಂತಾನೂ ಹೆಸರು. ಅದರ ಎಲ್ಯಾಗ ಎಣ್ಣಿ ಶೇಕಡಾ 5ರ ಮ್ಯಾಲ, ಘಮಾನೂ ಹಂಗಽ. ಆದ್ರ ಥಂಡ್ಯಾಗ ಕಣ್ಣು ಒಡೆಯಂಗಿಲ್ಲ. ಎರಡನೇದರಾಗ ಎಣ್ಣಿ ಶೇಕಡಾ 4ರ ಆಸುಪಾಸು, ಥಂಡಿಗೆ ಜಗ್ಗಂಗಿಲ್ಲ.

— ನೀವು ಯಾವುದು ಹಚ್ಚೀರಿ?

— ಒಂದನೇದು. ಥಂಡ್ಯಾಗ ಎರಡು ತಿಂಗಳು ಮಾರ್ಕೆಟ್ಟಿನ್ಯಾಗ ತಂದ್ರೂ ನಡೀತೈತಿ, ವರ್ಷವಿಡೀ ಸಪ್ಪನ ವಾಸನಿ ಯಾರು ತಡಕೋಬೇಕು?

— ಅದಽ ನೋಡ್ರಿ ನನ್ನ ಮಾತು! ದುರ್ಗದಬೈಲಿನ್ಯಾಗ ಕೊತ್ತಂಬರಿ ಕೊಂಡ್ರ ಕರಿಬೇವು ಪುಕ್ಕಟೆ ಕೊಡತಾರ. ಪುಕ್ಕಟೆ ಸಿಗೋದಕ್ಕ ಯಾಕ ಇದ್ದೊಂದು ಜಾಗಾ ಹಾಳು ಮಾಡಬೇಕು?

— ಈಗ ಖರೇ ಪ್ರಶ್ನೆ ಕೇಳಿದಿ. ಪುಕ್ಕಟೆ ಬಂದ ಕಡ್ಡಿ ಮೂರು ದಿನದಾಗ ಒಣಗತೈತಿ, ಒಣಗಿದ್ದಕ್ಕ ಘಮ ಇರಂಗಿಲ್ಲ. ಅದರ ಎಣ್ಣಿ ಹಾರಿಹೋಗೋ ಜಾತಿದು. ಬಿಸಿ ಎಣ್ಣ್ಯಾಗ ಹಸಿ ಎಲಿ ಬಿದ್ದು ಚಟಚಟ ಅಂದ್ರಽ ಒಗ್ಗರಣಿ. ಇನ್ನ ಎರಡನೇದು, ಕರಿಬೇವು ಲಿಂಬಿ ಜಾತಿಗೆ ಸೇರಿದ್ದು. ಲಿಂಬಿಗೆ ಬರೋ ಜಿಗಿಹುಳ, ಲಿಂಬಿ ಚಿಟ್ಟಿ ಎಲ್ಲಾ ಇದಕ್ಕೂ ಬರತಾವ. ಮಾರಾಕ ಬೆಳೆಯೋರು ಎಲಿ ಮ್ಯಾಲ ತೂತು ಇರಬಾರದಂತ ಮತ್ತ ಮತ್ತ ಔಷಧ ಹೊಡೀತಾರ. ಯುರೋಪದಾವ್ರು ನಮ್ಮ ದೇಶದ ಕರಿಬೇವನ್ನ ಔಷಧದ ಅಂಶ ಐತೇನಂತ ಬಂದರಿನ್ಯಾಗ ತಡದು ಪರೀಕ್ಷಾ ಮಾಡೋದು ಸುಮ್ನಲ್ಲ. ಕಾಯಿ ಆದ್ರ ಹೆರದು, ಸಿಪ್ಪಿ ತಗದು ಹಾಕತೇವಿ. ಇದು ಎಲಿ. ಔಷಧ ಬೀಳೋದೂ ಎಲಿಗೆ, ನಾವು ಹಾಕೋದೂ ಎಲಿ.

— ನಮ್ಮ ತಂಗಿ ಕ್ಯಾಲಿಫೋರ್ನಿಯಾಕ್ಕ ಹೋಗುವಾಗ ಅವ್ವ ಒಂದು ಕಟ್ಟು ಕರಿಬೇವು ಹಾಕಿ ಕಳಿಸಿದ್ಲು. ಏರ್‌ಪೋರ್ಟಿನ್ಯಾಗ ತಗದು ಇಟಗೊಂಡ್ರಂತ.

— ತಗೋಳ್ಳದಽ ಏನು ಮಾಡತಾರ? ಎಲಿ ಬೆನ್ನಿಗೆ ಜಿಗಿಹುಳದ ತತ್ತಿ ಇದ್ರ ಅವರ ಕಿತ್ತಳಿ ತೋಟದ ಗತಿ ಏನು? 2005ರಾಗ ಫ್ಲಾರಿಡಾದಾಗ ಆ ಹುಳ ಒಯ್ಯೋ ರೋಗ ಕಾಣಿಸ್ಕೊಂಡು, ಅಲ್ಲಿ ಕಿತ್ತಳಿ ಬೆಳಿನಽ ನೆಲಕ್ಕ ಹತ್ತಿತು. ಕರಿಬೇವಿಗೆ ಆ ರೋಗ ಏನೂ ಮಾಡಂಗಿಲ್ಲ, ಹುಳಕ್ಕ ಮನಿ ಮಾಡಿ ಕೊಡತೈತಿ ಅಷ್ಟಽ. ನಿನ್ನ ಮಾಳಿಗಿ ಮ್ಯಾಲ ಲಿಂಬಿ ಗಿಡ ಇದ್ರ ಕರಿಬೇವು ದೂರ ಇಡು.

— ಇಲ್ರೀ, ಲಿಂಬಿ ಇಲ್ಲ. ಆ ಚಿಟ್ಟಿ ಹುಳದ ಬಗ್ಗೆ ಹೇಳ್ರಿ. ಮನ್ಯಾಕಿ ಹುಳ ಅಂದ್ರ ಚೀರತಾಳ.

— ಕರಿಬೇವಿನ ಹುಳಕ್ಕ ಚೀರೋದು ಬ್ಯಾಡ. ಸಣ್ಣದಿದ್ದಾಗ ಹಕ್ಕಿ ಹೊಲಸಿನ ಗತೆ ಕಾಣತೈತಿ, ದೊಡ್ಡದಾದ್ರ ಎಲಿ ಬಣ್ಣ. ಮುಟ್ಟಿದ್ರ ತಲಿ ಮ್ಯಾಲ ಕಿತ್ತಳಿ ಬಣ್ಣದ ಎರಡು ಕೊಂಬು ತಗದು ವಾಸನಿ ಬಿಡತೈತಿ, ಅಷ್ಟಽ ಅದರ ಪರಾಕ್ರಮ. ದಿನಾ ಎಲಿ ಹರಿಯೋ ಮನ್ಯಾಗ ಅದು ಬೆಳಿಯೂ ಮುಂಚೇನಽ ಕಣ್ಣಿಗೆ ಬೀಳತೈತಿ, ಕಡ್ಡಿ ಸಮೇತ ತಗದು ಒಗದ್ರ ಆತು. ನಾ ಎರಡು ಬಿಡತೇನಿ, ಚಿಟ್ಟಿ ಆಗಲಿ ಅಂತ. ಚೀರಬೇಕಂದ್ರ ನುಗ್ಗಿಯ ಕಂಬಳಿ ಹುಳಕ್ಕ ಚೀರಬೇಕು.

— ಗೊತ್ತೈತ್ರಿ. ಹಿಂದಿನ ಓಣಿ ಗಿಡದಾಗ ನೋಡೇನಿ. ಮಳಿ ಚಾಲೂ ಆಗಾಣ ಬೊಡ್ಡಿ ತುಂಬಾ ಕಂಬಳಿ ಹೊದಸಿದಂಗ.

— ಒಂದೆರಡಲ್ಲ, ನೂರಾರು ಒಂದಽ ಕಡೆ ಗುಂಪಾಗತಾವ. ಒಂದಽ ಸಲಕ್ಕ ಗಿಡ ಬೋಳು ಮಾಡತಾವ. ಅದರ ಕೂದಲು ಗಾಳ್ಯಾಗ ಬಂದು ಒಣಹಾಕಿದ ಅರಿವಿಗೆ ಹತ್ತಿದ್ರ ಮೈಯೆಲ್ಲಾ ತುರಿಕಿ. ಈಗ ಹೇಳು, ನಾಕು ಫೂಟಿನ ಜಾಗಾದಾಗ ಅರಿವಿ ಹಗ್ಗ ಯಾರದು?

— ನಮ್ಮದೊಂದು. ಬಾಜೂ ಮನಿಯವರದು ಎರಡು.

— ನುಗ್ಗಿದು ಇರೋದಽ ಹಿಂಗ. ಅದರ ಕಷ್ಟ ನಿನ್ನ ಗ್ವಾಡಿ ಒಳಗ ಇರಂಗಿಲ್ಲ. ಟೊಂಗಿ ಮುರದ್ರ ಅವರ ತಗಡಿನ ಮ್ಯಾಲ, ಎಲಿ ಉದುರಿದ್ರ ಅವರ ಅಂಗಳದಾಗ, ಹುಳ ಬಿದ್ರ ಅವರ ಹಗ್ಗದ ಮ್ಯಾಲ. ಅದರ ಲಾಭಾನೂ ಹಂಗಽ, ನಿನ್ನ ಗ್ವಾಡಿ ಒಳಗ ಹಿಡಿಸಂಗಿಲ್ಲ. ಒಂದು ಸೀಸನ್ನಿಗೆ ಗಿಡ ನೂರಾರು ಕಾಯಿ ಬಿಡತೈತಿ, ಎಲ್ಲಾ ಒಂದಽ ಸಲಕ್ಕ. ನಾಕು ಮಂದಿ ಮನ್ಯಾಗ ವಾರಕ್ಕ ಎಷ್ಟು ಸಾರು ಮಾಡತೀರಿ? ಹಂಚಬೇಕು. ಹಂಚಲಿಲ್ಲಂದ್ರ ಬಲೀತಾವ. ಕರಿಬೇವು ಹಂಗಲ್ಲ. ಅದು ದಿನಕ್ಕ ಒಂದು ಕಡ್ಡಿ ಕೊಡತೈತಿ, ದಿನಾ ಕೊಡತೈತಿ. ಪ್ರತಿ ಮನಿಗೂ ಒಂದೊಂದು ಬೇಕು, ನುಗ್ಗಿ ಇಡೀ ಓಣಿಗೆ ಒಂದಽ ಸಾಕು.

— ಬಲಿತ್ರ ಏನಾತ್ರಿ, ಬೀಜ ನೀರು ತಿಳಿ ಮಾಡಾಕ ಬರತೈತಂತಲ್ಲ?

— ಬರತೈತಿ. ಬೀಜದಾಗಿನ ಒಂದು ಪ್ರೋಟೀನು ಕೆಸರಿನ ಕಣಾನ ಎಳಕೊಂಡು ತಳಕ್ಕ ಕೂಡಸತೈತಿ. ಸುಡಾನಿನ ಹೆಣ್ಣಮಕ್ಕಳು ನೈಲ್ ನೀರಿಗೆ ಇದನ್ನ ಹಾಕತಿದ್ರು. ಬೀಜದ ಪುಡಿ ಕಲಸಿ ತಾಸೆರಡು ತಾಸು ಬಿಟ್ಟು ಮ್ಯಾಲಿಂದು ಸೋಸೋದು. ತಿಳಿ ಆಗತೈತಿ, ಆದ್ರ ಎಲ್ಲಾ ರೋಗಾಣು ಸಾಯಂಗಿಲ್ಲ. ಕಾಸಲೇಬೇಕು. ಹೊಸಾ ನೀರು ಕೆಂಪಗ ಬಂದಾಗ ಪ್ರಯೋಗ ಮಾಡಿ ನೋಡು, ಮಕ್ಕಳಿಗೆ ತೋರಸಾಕ ಚಲೋ ಆಗತೈತಿ. ಅದರ ಬೀಜದ ಎಣ್ಣಿ ಒಂದು ಕಾಲಕ್ಕ ಗಡಿಯಾರದ ಗಾಲಿಗೆ ಹಾಕತಿದ್ರು, ಲಗೂ ಕೆಡಂಗಿಲ್ಲಂತ. ಬೇರು ಮಾತ್ರ ಬಾಯಿಗೆ ಹಾಕಬ್ಯಾಡ. ಬ್ರಿಟಿಷರು ಮೂಲಂಗಿ ಗತೆ ತುರದು ತಿಂತಿದ್ರು. ಅದರ ತೊಗಟಿಯೊಳಗ ವಿಷದ ಅಂಶ ಐತಿ, ಬಸುರಿ ಹೆಂಗಸರಂತೂ ಮುಟ್ಟಬಾರದು.

— ಕರಿಬೇವಿನ ಔಷಧ? ಕೂದಲು, ಸಕ್ಕರಿ ಕಾಯಿಲೆ...

— ಕೊಬ್ಬರಿ ಎಣ್ಣ್ಯಾಗ ಕುದಿಸಿ ಹಚ್ಚಿಕೊಂಡ್ರ ಘಮಘಮ ಅಂತೈತಿ. ಉದುರಿದ ಕೂದಲು ತಿರುಗಿ ಬಂದದ್ದು ನಾ ನೋಡಿಲ್ಲ, ನನ್ನ ತಲಿನಽ ಸಾಕ್ಷಿ. ಸಕ್ಕರಿ ಕಾಯಿಲೆಗೆ ಡಾಕ್ಟರ್ ಕೊಟ್ಟ ಗುಳಿಗಿ ತಗೊಂಡು, ಆಮ್ಯಾಲ ಬೇಕಾದ್ರ ಎಲಿ ತಿನ್ನು.

(ಹೆಂಡತಿಯನ್ನು ಯಾರೂ ಈ ಮಾತಿಗೆ ಕರೆದಿಲ್ಲ ಎಂಬುದು ಇಷ್ಟು ಹೊತ್ತಿಗೆ ಓದುವವರ ಗಮನಕ್ಕೆ ಬಂದಿರಬೇಕು. ಅಕ್ಕಾರ ಗಮನಕ್ಕೂ ಬಂತು, ಸ್ವಲ್ಪ ತಡವಾಗಿ.)

— ನುಗ್ಗಿ ಸೊಪ್ಪು ಬಿಡಿಸೋರು ಯಾರು ನಿಮ್ಮ ಮನ್ಯಾಗ?

— ಆಕಿನಽ.

— ಕಾಯಿ ಹೆರಿಯೋರು?

— ಆಕಿನಽ ಅನ್ರಿ.

— ಅಂಗಳ ಉಡುಗೋರು? ಹೋಗಲಿ ಬಿಡು. ಆಕಿ ಕರಿಬೇವು ಅಂದದ್ದು ಹಟ ಅಂತಿಯಲ್ಲ, ಅದು ಹಟ ಅಲ್ಲ, ಲೆಕ್ಕ. ಒಂದು ಪಲ್ಯೆಕ್ಕ ಸಾಕಾಗೋವಷ್ಟು ನುಗ್ಗಿ ಸೊಪ್ಪು ಬಿಡಸಾಕ ಅರ್ಧಾ ತಾಸು ಬೇಕು. ಉಪಾಯ ಒಂದೈತಿ, ಕೇಳಿಕೋ. ರಾತ್ರಿ ಟೊಂಗಿ ಸಮೇತ ಅರಿವಿಯೊಳಗ ಬಿಗಿಯಾಗಿ ಸುತ್ತಿ ಇಡು, ಮುಂಜಾನೆ ಝಾಡಿಸಿದ್ರ ಎಲಿ ತಾನಽ ಉದುರತಾವ. ಅದನ್ನ ಸುತ್ತೋದು, ಝಾಡಿಸೋದು ನಿನ್ನ ಕೆಲಸ.

— ಆತ್ರಿ. ಅಂದ್ರ ಕರಿಬೇವು ಪಕ್ಕಾ ಮಾಡಿದ್ರಿ.

— ನಾ ಎಲ್ಲೆ ಪಕ್ಕಾ ಮಾಡಿದೆ?

— ನೀವಽ ಅಂದ್ರಲ್ಲರಿ, ಓಣಿಗೆ ಒಂದು ನುಗ್ಗಿ ಸಾಕು, ಮನಿಗೊಂದು ಕರಿಬೇವು ಬೇಕು ಅಂತ.

— ಅಂದೆ. ಓಣ್ಯಾಗ ಆ ಒಂದು ನುಗ್ಗಿ ಎಲ್ಲೈತಿ ಈಗ?

— ಹಿಂದಿನ ಓಣ್ಯಾಗ... ಇಲ್ಲ, ಇಲ್ರಿ. ಹ್ವಾದ ವರ್ಷ ಪಾರ್ಕಿಂಗ್ ಮಾಡಾಕ ಕಡಸಿದ್ರು.

— ಹೌದಪಾ. ಅಲ್ಲಿ ತನಕ ನಾವು ಹದಿನೈದು ಮನಿಯವ್ರು ಅದರ ಕಾಯಿ ತಿಂದೇವಿ. ಅವರ ಮನಿ ಅಜ್ಜಿ ಬಸರಿ, ಬಾಣಂತಿ ಇದ್ದ ಮನಿ ನೋಡಿ ಸೊಪ್ಪು ಕಳಸತಿದ್ಲು. ಹುಳದ ತುರಿಕಿ ಅವರಽ ತಡಕೊಂಡ್ರು, ಕಸಾನೂ ಅವರಽ ಬಳದ್ರು. ನಾವು ಒಂದು ದಿನಾ ಪೊರಕಿ ಹಿಡಕೊಂಡು ಹೋಗಲಿಲ್ಲ. ಕಡಿದಾಗ ಮಾತ್ರ ಎಲ್ಲಾರೂ ಅಯ್ಯೋ ಅಂದ್ವಿ.

— ಹಂಗಾದ್ರ ಆ ತುರಿಕಿ ಈಗ ನಾ ತಡಕೋಬೇಕೇನ್ರಿ?

— ತಡಕೋಬೇಕಂತ ನಾ ಹೇಳಂಗಿಲ್ಲ. ಕರಿಬೇವು ಹದಿನೈದು ಮನ್ಯಾಗ ಏಳು ಕಡೆ ಐತಿ, ನಮ್ಮಲ್ಲೂ ಐತಿ. ನಿನ್ನ ಮನ್ಯಾಕಿಗೆ ಹೇಳು, ದಿನಾ ಬಂದು ಹರಕೊಂಡು ಹೋಗಲಿ. ಒಂದೊಂದಽ ಎಲಿ ಹರಿಬಾರದು, ಕಡ್ಡಿ ಸಮೇತ ತುದಿಯಿಂದ ಮುರಕೋಬೇಕು, ಆಗ ಬುಡದಾಗ ಎರಡು ಚಿಗುರು ಒಡೀತಾವ. ಹರದಷ್ಟೂ ನನ್ನ ಗಿಡಕ್ಕಽ ಚಲೋ. ನುಗ್ಗಿ ಮಾತ್ರ ಯಾರ ಹತ್ತಿರಾನೂ ಇಲ್ಲ.

— ನೀವು ಮುಂಜಾನಿಂದ ಕರಿಬೇವಿನ ಕಡೆ ಮಾತಾಡಿ ಈಗ ನುಗ್ಗಿ ಅಂತೀರಿ.

— ಯಾವ ಗಿಡದ ಕಡೆನೂ ಮಾತಾಡಿಲ್ಲ. ನುಗ್ಗಿ ಹಚ್ಚೋದಾದ್ರ ಹೆಂಗಂತ ಕೇಳು. ಭಾಗ್ಯ ತಳಿ ಬೀಜ ತಾ, ಧಾರವಾಡದ ಕೃಷಿ ಮೇಳದಾಗೋ, ತೋಟಗಾರಿಕಿ ಇಲಾಖೆ ನರ್ಸರ್‍ಯಾಗೋ ವಿಚಾರಿಸು. ಮಿರಗ ಮಳಿ ಬಿದ್ದ ಮ್ಯಾಲ ದಿಬ್ಬದ ಮ್ಯಾಲ ಎರಡು ಬೀಜ ಊರು, ಬಲವಾದದ್ದು ಒಂದು ಉಳಿಸು. ಎರಡೂವರಿ ಫೂಟು ಬಂದಾಗ ತುದಿ ಚಿವುಟು, ಇಲ್ಲಂದ್ರ ಬರೇ ಮ್ಯಾಲೇರತೈತಿ. ಕಾಯಿ ಮುಗದ ಮ್ಯಾಲ ವರ್ಷಾ ಮೂರು ಫೂಟಿಗೆ ಕಡಿಬೇಕು. ಮನಸು ಗಟ್ಟಿ ಮಾಡಿ ಕಡಿಬೇಕು. ಕಡದಷ್ಟೂ ಗಿಡ್ಡ ಇರತೈತಿ, ಕಾಯಿ ಕೈಗೆ ಬರತಾವ, ಟೊಂಗಿ ತಗಡಿನ ತನಕ ಹೋಗಂಗಿಲ್ಲ. ಹುಳ ಬೊಡ್ಡಿಗೆ ಗುಂಪಾದ ದಿನಾನಽ ಸಾಬಾಣದ ನೀರು ಹೊಡಿ, ಇಲ್ಲಾ ಕೋಲಿಗೆ ಅರಿವಿ ಸುತ್ತಿ ಒರಸಿ ತಗಿ. ಬರೇ ಕೈಲೆ ಮುಟ್ಟಬ್ಯಾಡ.

— ಕಾಯಿ ಹಿಡೀಲಿಲ್ಲಂದ್ರ? ನಾಕು ತಾಸು ಬಿಸಲಿಗೆ...

— ಕಾಯಿ ಕಡಿಮಿ ಹಿಡೀತಾವ, ಅದಂತೂ ಖರೆ. ಸೊಪ್ಪು ಬರತೈತಿ, ಹೂವಿನ ಪಲ್ಯೆ ಆಗತೈತಿ. ಇವೆಲ್ಲಾಕ್ಕಿಂತ ಮೊದಲನೇ ಕೆಲಸ ಒಂದೈತಿ. ಬಾಜೂ ಮನಿಯವ್ರನ್ನ ಕೇಳು. ಅರಿವಿ ಹಗ್ಗ ಅವರದು, ತಗಡು ಅವರದು. ಅವರು ಹೂಂ ಅಂದ ಮ್ಯಾಲ ಕುಣಿ ತಗಿ.

— ಕೇಳಿದ್ರ ಮೊದಲನೇ ಕಾಯಿ ಕಟ್ಟು ನಮಗ ಅಂತಾರ.

— ಕೊಡು. ಎರಡನೇದು ಕಡದಾವ್ರ ಮನಿ ಅಜ್ಜಿಗೆ.

— ಒಲ್ಲೆ ಅಂದ್ರ?

— ಅಂದ್ರ ನಿನ್ನ ಮನ್ಯಾಕಿ ಹೇಳಿದ್ದಽ ಆಗಲಿ. ನಮ್ಮ ಕರಿಬೇವಿನ ಬುಡದಾಗ ಬೇರಿನಿಂದ ನಾಕೈದು ಮರಿ ಎದ್ದಾವ. ಒಂದರ ತಾಯಿಗಿಡದ ಕೊಂಡಿ ಇವತ್ತಽ ಕಡದು ಬಿಡತೇನಿ, ತನ್ನ ಬೇರು ತಾ ಬಿಟಗೊಳ್ಳಾಕ ತಿಂಗಳು ಬೇಕು. ಅಷ್ಟರಾಗ ನೀ ಹೋಗಿ ಕೇಳಿ ಬಾ.